ಲ್ಯಾಪ್‌ಟಾಪ್ ಫ್ಯಾನ್ ಸದ್ದು ನಿಲ್ತಾನೇ ಇಲ್ವಾ? ರಿಪೇರಿಗೆ ಕೊಡೋ ಮುನ್ನ ಇಷ್ಟು ನೋಡಿ

ವಿಜಯನಗರ: ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿಆರ್-3ಬಿ. ಪ್ರತಿ ತಿಂಗಳು ರಿಟರ್ನ್ ಹಾಕುವ ವ್ಯಾಪಾರಿಗಳಿಗೆ ಈ ಎರಡು ದಿನ ಲ್ಯಾಪ್‌ಟಾಪ್ ಕೈಕೊಟ್ಟರೆ ಮುಗೀತು. 3ಬಿ ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ವಹಿವಾಟೇ ಇಲ್ಲದಿದ್ದರೂ 20 ರೂಪಾಯಿ. ಆದರೆ ಬಿಸಿಯಿಂದ ಕೆಡುವ ಲ್ಯಾಪ್‌ಟಾಪ್ ಹೇಳದೆ ಕೇಳದೆ ಕೆಡೋದು ಕಡಿಮೆ. ಎಷ್ಟೋ ದಿನ ಮೊದಲೇ ಅದರ ಫ್ಯಾನ್ ಕೂಗೋಕೆ ಶುರು ಮಾಡಿರುತ್ತೆ.

ಒಳಗೆ ನಡೆಯೋದು ಇಷ್ಟು. ಪ್ರೊಸೆಸರ್ ಬಿಸಿಯಾಗುತ್ತೆ, ಆ ಬಿಸಿಯನ್ನು ತಾಮ್ರದ ಪೈಪ್ ಒಂದು ಅಂಚಿನಲ್ಲಿರುವ ಸಣ್ಣ ಸಣ್ಣ ಲೋಹದ ಪಟ್ಟಿಗಳಿಗೆ ಒಯ್ಯುತ್ತೆ, ಫ್ಯಾನ್ ಅದರ ಮೂಲಕ ಗಾಳಿ ಊದಿ ಹೊರಗೆ ತಳ್ಳುತ್ತೆ. ಬಿಸಿ ಏರಿದಷ್ಟೂ ಫ್ಯಾನ್ ಜೋರು. ಹಗುರ ಕೆಲಸದಲ್ಲಿ 40ರಿಂದ 60 ಡಿಗ್ರಿ, ಭಾರಿ ಕೆಲಸದಲ್ಲಿ 80-90 ಡಿಗ್ರಿ ಇರೋದು ಮಾಮೂಲು. 100ರ ಹತ್ತಿರ ಹೋದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನ ಆಗುತ್ತೆ. ಬಿಲ್ ಹಾಕುವಾಗ ಟ್ಯಾಲಿ ತಡವರಿಸಿದರೆ ಸಾಫ್ಟ್‌ವೇರ್ ಬೈಯುವವರೇ ಜಾಸ್ತಿ. ಎಷ್ಟೋ ಸಲ ಕಾರಣ ಈ ಬಿಸಿ. ಇನ್ನೂ ಏರಿದರೆ ಲ್ಯಾಪ್‌ಟಾಪ್ ದಿಢೀರ್ ಆಫ್. ಬೆಂಗಳೂರು ತಂಪು ಊರು ಅಂತ ಸುಮ್ಮನಿರುವ ಹಾಗಿಲ್ಲ, 2016ರ ಏಪ್ರಿಲ್‌ನಲ್ಲಿ ಇಲ್ಲೇ 39.2 ಡಿಗ್ರಿ ದಾಖಲಾಗಿದೆ.

ಮೊದಲು ಕಿವಿ, ಆಮೇಲೆ ಕೈ

ಸದ್ದು ಯಾವ ತರಹದ್ದು ಅಂತ ಕೇಳಿಸಿಕೊಳ್ಳಿ. ಬರೀ 'ಸುಯ್' ಅಂತ ಗಾಳಿಯ ಸದ್ದಾದರೆ ಫ್ಯಾನ್ ಚೆನ್ನಾಗೇ ಇದೆ, ಅದಕ್ಕೆ ಕೆಲಸ ಜಾಸ್ತಿಯಾಗಿದೆ ಅಷ್ಟೇ. 'ಕರಕರ' ಅಂದರೆ, ಅದರಲ್ಲೂ ಲ್ಯಾಪ್‌ಟಾಪ್ ಓರೆ ಮಾಡಿದಾಗ ಸದ್ದು ಬದಲಾದರೆ, ಬೇರಿಂಗ್ ಸವೆದಿದೆ. ಅಂಥ ಫ್ಯಾನ್ ಬದಲಿಸಲೇಬೇಕು. ಹೊಲಿಗೆ ಮಷೀನ್ ಎಣ್ಣೆ, ಕೊಬ್ಬರಿ ಎಣ್ಣೆ ಬಿಡೋ ಪ್ರಯೋಗ ಬೇಡ, ಎಣ್ಣೆಗೆ ದೂಳು ಅಂಟಿ ಪರಿಸ್ಥಿತಿ ಇನ್ನಷ್ಟು ಹದಗೆಡುತ್ತೆ.

ಆಮೇಲೆ ಗಾಳಿ ಹೊರಬರುವ ಕಿಂಡಿಯ ಹತ್ತಿರ ಕೈ ಹಿಡಿಯಿರಿ. ಬಿಸಿ ಗಾಳಿ ರಭಸವಾಗಿ ಬರ್ತಿದ್ದರೆ ದಾರಿ ತೆರೆದಿದೆ, ಒಳಗೆ ಯಾವುದೋ ಪ್ರೋಗ್ರಾಂ ಯಂತ್ರವನ್ನು ದುಡಿಸ್ತಿದೆ. ಫ್ಯಾನ್ ಅರಚುತ್ತಿದೆ, ಗಾಳಿ ಮಾತ್ರ ಬರ್ತಿಲ್ಲ ಅಂದರೆ ದೂಳು ಕಟ್ಟಿದೆ. ಇಷ್ಟು ಪರೀಕ್ಷೆಗೆ ದುಡ್ಡು ಬೇಕಿಲ್ಲ.

ಪ್ರೋಗ್ರಾಂ ಹಿಡಿಯೋಕೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತೆ. ಸಿಪಿಯು ಕಾಲಂ ಮೇಲೆ ಕ್ಲಿಕ್ ಮಾಡಿ. ಏನೂ ಕೆಲಸ ಮಾಡದೆ ಇರುವಾಗ ಒಟ್ಟು ಬಳಕೆ ಶೇ 10ರೊಳಗೆ ಇರಬೇಕು. ತುಂಬಾ ಹೊತ್ತು ಶೇ 30-40 ತೋರಿಸ್ತಿದ್ದರೆ ಮೇಲಿನ ಸಾಲಲ್ಲಿರೋದೇ ಕಳ್ಳ. ವಿಂಡೋಸ್ ಅಪ್‌ಡೇಟ್ ಅಥವಾ ವೈರಸ್ ಸ್ಕ್ಯಾನ್ ಆಗಿದ್ದರೆ ಮುಗಿಯಲಿ ಬಿಡಿ. ಬ್ರೌಸರ್ ಆಗಿದ್ದರೆ ತೆರೆದಿಟ್ಟ ಟ್ಯಾಬ್ ಮುಚ್ಚಿ. ಗುರುತಿಲ್ಲದ ಹೆಸರು ದಿನವೂ ಕಂಡರೆ ಪೂರ್ತಿ ಸ್ಕ್ಯಾನ್ ಮಾಡಿ. ಬಿಟ್ಟಿ ಸಿಗುತ್ತೆ ಅಂತ ಹಾಕಿಸಿದ ಕ್ರ್ಯಾಕ್ ಸಾಫ್ಟ್‌ವೇರ್ ಜೊತೆ ಬೇರೆಯವರಿಗಾಗಿ ಕ್ರಿಪ್ಟೋ ಗಣಿಗಾರಿಕೆ ಮಾಡುವ ಪ್ರೋಗ್ರಾಂ ನುಸುಳೋದುಂಟು. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿರುವುದರಿಂದ ಹಳೇ ಯಂತ್ರದವರು ಸ್ವಲ್ಪ ಜಾಸ್ತಿ ಹುಷಾರಾಗಿರಬೇಕು.

ನಮ್ಮ ಕಡೆಯ ದೂಳು

ಪಶ್ಚಿಮ ಬೆಂಗಳೂರಲ್ಲಿ ನಿಜವಾದ ಕಾಟ ಇದೇ. ಮಾಗಡಿ ರಸ್ತೆ, ಮೈಸೂರು ರಸ್ತೆ ಬದಿಯ ಅಂಗಡಿಗೆ ದಿನವಿಡೀ ರಸ್ತೆ ದೂಳು. ಟೈಲರ್ ಮತ್ತು ಬಟ್ಟೆ ಅಂಗಡಿಯಲ್ಲಿ ನೂಲಿನ ನಾರು, ಗಿರಣಿಯಲ್ಲಿ ಹಿಟ್ಟು, ಜೆರಾಕ್ಸ್ ಅಂಗಡಿಯಲ್ಲಿ ಕಾಗದದ ಪುಡಿ. ಇದರ ಮೇಲೆ ಬೆಳಿಗ್ಗೆ-ಸಂಜೆ ಗಲ್ಲಾಪೆಟ್ಟಿಗೆ ಪಕ್ಕ ಹಚ್ಚುವ ಊದುಬತ್ತಿ, ಸಾಂಬ್ರಾಣಿ. ಆ ಹೊಗೆಯ ಜಿಡ್ಡು ಫ್ಯಾನ್ ರೆಕ್ಕೆಗೆ ಮೆತ್ತಿಕೊಂಡು ದೂಳನ್ನು ಅಂಟಿನ ಹಾಗೆ ಹಿಡಿಯುತ್ತೆ. ಪೂಜೆ ಬಿಡಬೇಕಿಲ್ಲ, ಲ್ಯಾಪ್‌ಟಾಪನ್ನು ನಾಲ್ಕಡಿ ದೂರ ಇಟ್ಟರೆ ಸಾಕು. ಆಯುಧ ಪೂಜೆಯಲ್ಲಿ ಅರಿಶಿನ-ಕುಂಕುಮವೂ ಮುಚ್ಚಳದ ಮೇಲೆ ಇರಲಿ, ಕಿಂಡಿಯ ಹತ್ತಿರ ಬೇಡ. ರಾಜಾಜಿನಗರ ಕೈಗಾರಿಕಾ ಪ್ರದೇಶ, ಕಾಮಾಕ್ಷಿಪಾಳ್ಯದ ವರ್ಕ್‌ಶಾಪ್‌ನವರು ಇನ್ನೂ ಎಚ್ಚರವಾಗಿರಬೇಕು. ಗ್ರೈಂಡಿಂಗ್‌ನ ಲೋಹದ ಪುಡಿಯಲ್ಲಿ ಕರೆಂಟ್ ಹರಿಯುತ್ತೆ, ಬೋರ್ಡ್ ಮೇಲೆ ಕೂತರೆ ಶಾರ್ಟ್ ಆಗಬಹುದು.

ಹೊರಗಿಂದ ಕಿಂಡಿ ಕ್ಲೀನಾಗಿ ಕಂಡರೆ ನಂಬಬೇಡಿ. ನಾರು, ದೂಳು ಸೇರಿ ಫ್ಯಾನ್‌ಗೂ ಲೋಹದ ಪಟ್ಟಿಗೂ ಮಧ್ಯೆ ಕಂಬಳಿಯಂತೆ ಕೂತಿರುತ್ತೆ. ಹೊರಗಿಂದ ಗಾಳಿ ಊದಿದರೆ ಅದು ಮತ್ತೆ ಫ್ಯಾನ್ ಒಳಗೇ ಬೀಳುತ್ತೆ. ಸರಿಯಾದ ದಾರಿ ಅಂದರೆ ಕೆಳಗಿನ ಮುಚ್ಚಳ ತೆಗೆದು, ಪವರ್ ಮತ್ತು ಬ್ಯಾಟರಿ ಕನೆಕ್ಷನ್ ಬಿಡಿಸಿ, ರೆಕ್ಕೆ ತಿರುಗದಂತೆ ಹಲ್ಲುಕಡ್ಡಿಯಿಂದ ಹಿಡಿದು ಮೆತ್ತನೆ ಬ್ರಷ್‌ನಿಂದ ತೆಗೆಯೋದು. ಪಂಚರ್ ಅಂಗಡಿ ಕಂಪ್ರೆಸರ್ ಬೇಡವೇ ಬೇಡ. ಅದರ ಒತ್ತಡ ವಿಪರೀತ, ಗಾಳಿಯಲ್ಲಿ ತೇವ, ಎಣ್ಣೆಯೂ ಇರುತ್ತೆ. ಮನೆಯ ವ್ಯಾಕ್ಯೂಮ್ ಕ್ಲೀನರ್‌ನಲ್ಲಿ ಸ್ಟ್ಯಾಟಿಕ್ ಕರೆಂಟಿನ ಅಪಾಯ. ಮುಚ್ಚಳ ಬಿಚ್ಚಿ ಅಭ್ಯಾಸ ಇಲ್ಲದವರು ಕೈ ಹಾಕದಿದ್ದರೇ ಒಳ್ಳೇದು.

ಹಾಸಿಗೆ, ದಿಂಬಿನ ಮೇಲೆ ಇಟ್ಟು ಕೆಲಸ ಮಾಡಿದರೆ ಕೆಳಗಿನ ಕಿಂಡಿ ಮುಚ್ಚುತ್ತೆ, ಇದು ಮನೆಯ ವಿದ್ಯಾರ್ಥಿಗಳಿಗೆ. ಕೂಲಿಂಗ್ ಪ್ಯಾಡ್ ಕೊಳ್ಳೋ ಯೋಚನೆ ಇದ್ದರೆ ಕೊನೆಗೆ ಇರಲಿ, ಒಳಗೆ ಕಂಬಳಿ ಕೂತಿರುವಾಗ ಪ್ಯಾಡ್‌ನಿಂದ ದೊಡ್ಡ ಪ್ರಯೋಜನ ಇಲ್ಲ.

ಇದು ಕಂಡರೆ ತಕ್ಷಣ ಆಫ್ ಮಾಡಿ

ಟಚ್‌ಪ್ಯಾಡ್ ಮೇಲೆದ್ದಿದೆ, ಕೆಳಭಾಗ ಉಬ್ಬಿದೆ, ಮೇಜಿನ ಮೇಲೆ ಸಮ ಕೂರ್ತಿಲ್ಲ ಅಂದರೆ ಬ್ಯಾಟರಿ ಊದಿಕೊಂಡಿರುವ ಸಾಧ್ಯತೆ ಹೆಚ್ಚು. ಚಾರ್ಜರ್ ಕಿತ್ತುಬಿಡಿ. ಒತ್ತಬಾರದು, ಚುಚ್ಚಬಾರದು, ಬಿಬಿಎಂಪಿ ಕಾಲದಿಂದ ಬಂದ ಅಭ್ಯಾಸದಂತೆ ಕಸದ ಆಟೋಗೂ ಹಾಕಬಾರದು, ಬೆಂಕಿ ಹತ್ತಬಹುದು. ಸರ್ವಿಸ್ ಸೆಂಟರ್‌ಗೆ ಅಥವಾ ಅಧಿಕೃತ ಇ-ತ್ಯಾಜ್ಯ ಸಂಗ್ರಹದವರಿಗೇ ಕೊಡಬೇಕು.

ರಿಪೇರಿಗೆ ಕೊಡೋದೇ ಆದರೆ ಮೊದಲು ವಾರಂಟಿ ಇದೆಯಾ ನೋಡಿ. ಇದ್ದರೆ ಹೊರಗಿನವರ ಹತ್ತಿರ ಬಿಚ್ಚಿಸಬೇಡಿ. ಟ್ಯಾಲಿ ಡೇಟಾ, ಫೋಟೋ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಕ್ಲೀನಿಂಗ್, ಥರ್ಮಲ್ ಪೇಸ್ಟ್, ಹೊಸ ಫ್ಯಾನ್ ಮೂರಕ್ಕೂ ಬೇರೆ ಬೇರೆ ರೇಟ್ ಕೇಳಿ, ಹಳೇ ಫ್ಯಾನ್ ವಾಪಸ್ ಪಡೆಯಿರಿ. ಹೊಸದು ಎಸ್‌.ಪಿ. ರಸ್ತೆಯಲ್ಲಿ ಹುಡುಕುವವರು ಹಳೇ ಫ್ಯಾನ್ ಮೇಲಿರುವ ಪಾರ್ಟ್ ನಂಬರ್ ಫೋಟೋ ತೆಗೆದುಕೊಂಡೇ ಹೋಗಿ, ಒಂದೇ ಹೆಸರಿನ ಮಾಡೆಲ್‌ನಲ್ಲೂ ಫ್ಯಾನ್ ಬೇರೆ ಬೇರೆ ಇರುತ್ತೆ. ಫ್ಯಾನ್ ಸದ್ದು ಅಂತ ಕೊಟ್ಟರೆ ಮದರ್‌ಬೋರ್ಡೇ ಹೋಗಿದೆ ಅಂದರೆ, ಹಣ ಕೊಡೋ ಮುನ್ನ ಇನ್ನೊಂದು ಕಡೆ ತೋರಿಸಿ.