ಮಾವನ ಪ್ಲಾಸ್ಟಿಕ್ ಪಿಸ್ತೂಲು, ಹಲಗಲಿಯ ಬಂದೂಕು

ಇವತ್ತಿನ ಕಂತು ನಮ್ಮ ಮನೆಯಿಂದಲೇ ಶುರು.

ಜಮಖಂಡಿ ಕಡೆ ನನ್ನ ಸೋದರಮಾವನ ಕಬ್ಬಿನ ಹೊಲ ಇದೆ. ಹೊಲದಾಗಿನ ಮನೆ, ಸುತ್ತ ಯಾರೂ ಇಲ್ಲ. ಬಹಳ ದಿನ ಅಡ್ಡಾಡಿ ಲೈಸೆನ್ಸ್ ಮಾಡಿಸಿ, ಮಾವ ಒಂದು .32 ಪಿಸ್ತೂಲು ತಗೊಂಡ. ತಂದ ದಿನವೇ ಫೋನ್ ಬಂತು: "ಬಾರೋ ತಮ್ಮಾ, ಒಂದ್ ಸಾಮಾನ ತೋರಿಸ್ತೀನಿ."

ಹೋದೆ. ಮಾವ ಗುಂಡು ತೆಗೆದು, ಎರಡೆರಡು ಸಲ ಖಾಲಿ ನೋಡಿ, ಮೇಜಿನ ಮೇಲೆ ಇಟ್ಟ. ಸಿನಿಮಾದಾಗ ನೋಡಿದ ಹೊಳೆಯೋ ಉಕ್ಕು ಅಲ್ಲ ಅದು. ಕರೀ ಬಣ್ಣ, ಒರಟು ಹಿಡಿಕೆ, ಥೇಟ್ ಬಡಗ್ಯಾರ ಡ್ರಿಲ್ ಮಷೀನಿನ ಹಿಡಿಕೆ. ನಾನು ಕೈ ಚಾಚಿದೆ. ಮಾವ ತಡೆದ. "ಲೈಸೆನ್ಸ್ ನನ್ನ ಹೆಸರಿಗೆ ಐತಿ, ನಿನ್ನ ಹೆಸರಿಗಲ್ಲ. ಕಣ್ಣಿಂದ ನೋಡು."

"ಹೆಂಗ್ ಅನಸ್ತದ ಮಾವ?" ಅಂದೆ.

"ಖರೆ ಹೇಳಲಾ? ಮೊದಲ ಕೈಯಾಗ ಹಿಡದಾಗ ಮೋಸ ಹೋದ್ನೇನೋ ಅನಿಸ್ತು. ಇಷ್ಟ ಹಗುರ! ಮಕ್ಕಳ ಆಟಿಗಿ ಸಾಮಾನ ಹಂಗ. ಆದ್ರ ಮುಷ್ಟಿಯಾಗ ಮಾತ್ರ ಕರೆಕ್ಟ್ ಕೂಡತೈತಿ."

ಪ್ಲಾಸ್ಟಿಕ್ ಅಂದ್ರೂ ಪೂರ್ತಿ ಪ್ಲಾಸ್ಟಿಕ್ ಅಲ್ಲ. ಹಿಡಿಕೆ ಮತ್ತು ಕೆಳಗಿನ ಚೌಕಟ್ಟು ಮಾತ್ರ ಪಾಲಿಮರ್. ನಳಿಗೆ, ಮೇಲಿನ ಸ್ಲೈಡು ಉಕ್ಕಿನವೇ. 1970ರಲ್ಲಿ ಜರ್ಮನಿಯ ಹೆಕ್ಲರ್ ಅಂಡ್ ಕೋಕ್ ಕಂಪನಿ ಇಂಥದ್ದೊಂದನ್ನು ಮಾಡಿತ್ತು. ಆದರೆ ಜಗತ್ತಿಗೆ ಇದನ್ನು ಒಪ್ಪಿಸಿದ್ದು ಆಸ್ಟ್ರಿಯಾದ ಗ್ಯಾಸ್ಟನ್ ಗ್ಲಾಕ್. ಪರದೆ ಹಾಕೋ ಕಂಬಿ, ಚಾಕು ಮಾಡುತ್ತಿದ್ದ ಮನುಷ್ಯ. ಅವನ ಪಿಸ್ತೂಲನ್ನು 1982ರಲ್ಲಿ ಆಸ್ಟ್ರಿಯಾ ಸೈನ್ಯ ಒಪ್ಪಿಕೊಂಡಿತು. "ವಿಮಾನ ನಿಲ್ದಾಣದ ಎಕ್ಸ್‌ರೇಗೆ ಕಾಣಲ್ಲ" ಅಂತ ಆಗ ಎದ್ದ ಗುಲ್ಲು ಬರೀ ಸುಳ್ಳು. ಒಳಗೆ ಅಷ್ಟೊಂದು ಉಕ್ಕು ಇರುವಾಗ ಕಾಣದೆ ಎಲ್ಲಿ ಹೋದೀತು?

ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಸ್ವಲ್ಪ ದಿನಕ್ಕೆ ಚುನಾವಣೆ ಬಂತು. ಲೈಸೆನ್ಸ್ ಇರುವ ಆಯುಧ ಠಾಣೆಗೆ ಒಪ್ಪಿಸಿ ಅಂತ ಹುಕುಂ ಆಯಿತು. ಮಾವ ಸಿಟ್ಟಿನಿಂದ ಕುದ್ದುಹೋದ. "ನಂದು, ರೊಕ್ಕಾ ಕೊಟ್ಟ ತಗೊಂಡಿದ್ದು. ನಾ ಏನ್ ಕಳ್ಳ ಏನು? ಹಲಗಲಿ ಬ್ಯಾಡರು ಸುಮ್ನ ಸತ್ತರೇನು?"

ಆ ಒಂದು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಹಲಗಲಿ ನಮ್ಮ ಮುಧೋಳ ತಾಲೂಕಿನ ಊರು. ಹತ್ತನೇ ಕ್ಲಾಸಿನಲ್ಲಿ ಹಲಗಲಿ ಬೇಡರ ಲಾವಣಿ ಎಷ್ಟೋ ಮಂದಿ ಬಾಯಿಪಾಠ ಮಾಡಿದ್ದೇವೆ. ಹಾಡಿದೆವು, ಮಾರ್ಕ್ಸ್ ತಗೊಂಡೆವು, ಮರೆತೆವು. ಅವತ್ತು ರಾತ್ರಿ ಕೂತು ಮತ್ತೆ ಓದಿದೆ.

1857. ಆಗ ನಮ್ಮ ಸೀಮೆ ತುಂಡು ತುಂಡಾಗಿತ್ತು. ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು, ರಬಕವಿ ಸಾಂಗಲಿ ಸಂಸ್ಥಾನದ್ದು. ಹಲಗಲಿ ಮುಧೋಳಕ್ಕೆ ಸೇರಿತ್ತು. ಉತ್ತರದಲ್ಲಿ ಸಿಪಾಯಿಗಳು ದಂಗೆ ಎದ್ದಿದ್ದರು. ಹೆದರಿದ ಕಂಪನಿ ಸರಕಾರ ಅದೇ ವರ್ಷ ಆಯುಧಗಳ ಕಾನೂನು ತಂದಿತು: ಜನ ತಮ್ಮ ಆಯುಧ ನೋಂದಾಯಿಸಬೇಕು, ಪರವಾನಗಿ ಇಲ್ಲದ್ದನ್ನು ಒಪ್ಪಿಸಬೇಕು.

ಬೇಡರಿಗೆ ಆಯುಧ ಷೋಕಿಯ ವಸ್ತು ಆಗಿರಲಿಲ್ಲ. ಬೇಟೆಯೂ ಅದರಿಂದ, ಊರ ಕಾವಲೂ ಅದರಿಂದ. ಅದೇ ಅನ್ನ, ಅದೇ ಮಾನ. ಜಡಗ, ಬಾಲ ಮುಂತಾದವರ ಮುಂದಾಳತನದಲ್ಲಿ, ನವೆಂಬರ್ ತಿಂಗಳಲ್ಲಿ, "ಕೊಡೋದಿಲ್ಲ" ಅಂದುಬಿಟ್ಟರು. ಮಂಟೂರು, ಬೂದ್ನಿ, ಆಲಗುಂಡಿಯ ಬೇಡರೂ ಬಂದು ಕೂಡಿಕೊಂಡರು.

ನವೆಂಬರ್ 29ಕ್ಕೆ ಇಂಗ್ಲಿಷರ ಸೈನ್ಯ ಹಲಗಲಿಗೆ ಬಂತು. ಕುದುರೆ ದಂಡಿನ ಎದುರು ಒಂದು ಸಣ್ಣ ಊರು ಎಷ್ಟು ಹೊತ್ತು ನಿಂತೀತು? ಊರು ಸುಟ್ಟಿತು. ಕೈಗೆ ಸಿಕ್ಕ 290 ಜನರನ್ನು ಹಿಡಿದರು. ಡಿಸೆಂಬರ್ 11ರಂದು ಮುಧೋಳದಲ್ಲಿ ಬಹಿರಂಗವಾಗಿ ಗಲ್ಲು. ಡಿಸೆಂಬರ್ 14ರಂದು ಹಲಗಲಿಯಲ್ಲೇ ಇನ್ನೂ ಆರು ಜನಕ್ಕೆ ಗಲ್ಲು, ಊರವರ ಕಣ್ಣೆದುರೇ. ಹೆಚ್ಚೂಕಡಿಮೆ ಎರಡು ವಾರದಲ್ಲಿ ಎಲ್ಲ ಮುಗಿಯಿತು. ಉಳಿದದ್ದು ಹಾಡು. ಆ ಹಾಡನ್ನು ಬರೆದಿಟ್ಟು ಅಚ್ಚು ಹಾಕಿಸಿದವನೂ ಒಬ್ಬ ಇಂಗ್ಲಿಷ್ ಅಧಿಕಾರಿಯೇ, ಜೆ. ಎಫ್. ಫ್ಲೀಟ್.

ಹಾಗಾದರೆ ಮಾವ ಹೇಳಿದ್ದು ಸರಿಯಾ? ನಾನು ಬಿ.ಕಾಂ. ಓದಿದವ, ಎರಡೂ ಕಡೆಯ ಲೆಕ್ಕ ಬರೆದು ನೋಡಿದೆ.

ಕಂಪನಿ ಹೋಯಿತು, ರಾಣಿ ಸರಕಾರ ಬಂತು. 1878ರ ಆಯುಧ ಕಾನೂನು ಭಾರತೀಯರಿಗೆ ಲೈಸೆನ್ಸ್ ಕೇಳಿತು, ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟಿತು. ಆ ಗಾಯ ಎಷ್ಟು ಆಳವಿತ್ತು ಅಂದ್ರೆ, 1931ರ ಕರಾಚಿ ಕಾಂಗ್ರೆಸ್ ತನ್ನ ಹಕ್ಕುಗಳ ಪಟ್ಟಿಯಲ್ಲಿ, ನಿಯಮಕ್ಕೆ ಒಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕನ್ನೂ ಬರೆಯಿತು. ಹೌದು, ಗಾಂಧಿಯವರ ಕಾಂಗ್ರೆಸ್ಸೇ! ಆದರೆ ಸ್ವತಂತ್ರ ಭಾರತದ ಸಂವಿಧಾನದ ಮೂಲಭೂತ ಹಕ್ಕುಗಳಲ್ಲಿ ಅದು ಸೇರಲಿಲ್ಲ. 1959ರಲ್ಲಿ ನಮ್ಮದೇ ಸಂಸತ್ತು ಹೊಸ ಕಾನೂನು ಮಾಡಿತು. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಮದುವೆ ಮೆರವಣಿಗೆಯಲ್ಲಿ ಮಂದಿಗೆ ಅಪಾಯವಾಗುವಂತೆ ಗಾಳಿಯಲ್ಲಿ ಗುಂಡು ಹಾರಿಸಿದರೂ ಈಗ ಎರಡು ವರ್ಷದವರೆಗೆ ಜೈಲು.

ನಮ್ಮದೇ ರಾಜ್ಯದ ಕೊಡಗಿನಲ್ಲಿ ಕೊಡವರಿಗೆ ಇವತ್ತಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ, ಅದೂ ಬ್ರಿಟಿಷರ ಕಾಲದಿಂದ. ಅಲ್ಲಿ ಹಬ್ಬದಲ್ಲಿ ಕೋವಿಗೆ ಪೂಜೆ ನಡೆಯುತ್ತದೆ. ಒಂದೇ ಕಾಲ, ಒಂದೇ ಸರಕಾರ. ಕೊಡಗಿಗೆ ವಿನಾಯಿತಿ, ಹಲಗಲಿಗೆ ಗಲ್ಲು. ಅಂದರೆ ಆವತ್ತು ಪ್ರಶ್ನೆ ಬಂದೂಕಿನದ್ದಲ್ಲ. ಆಳುವವ ಯಾರನ್ನು ನಂಬುತ್ತಾನೆ, ಯಾರಿಗೆ ಹೆದರುತ್ತಾನೆ ಅನ್ನೋದು.

ಮಾವನಿಗೆ ಇದನ್ನೇ ಹೇಳಿದೆ. "ಅವರನ್ನ ಯಾರೂ ಕೇಳಿರಲಿಲ್ಲ ಮಾವ. ಕಾನೂನು ಮಾಡಿದವರು ಅವರ ಓಟಿನಿಂದ ಬಂದವರಲ್ಲ. ನಿಮ್ಮ ಪಿಸ್ತೂಲು ಠಾಣೆಗೆ ಹೋಗೋದೇ ಓಟು ನಡೀಲಿ ಅಂತ. ಎಣಿಕೆ ಮುಗಿದ ಮ್ಯಾಲೆ ರಸೀದಿ ತೋರಿಸಿ ವಾಪಸ್ ತರ್ತೀರಿ. ಜಡಗ, ಬಾಲ ವಾಪಸ್ ಬರಲಿಲ್ಲ."

ಮಾವ ಏನೂ ಅನ್ನಲಿಲ್ಲ. ಒಳಗಿಂದ ಅತ್ತಿ ಅಂದರು: "ಅದು ಮನ್ಯಾಗ ಇಲ್ಲದ ಇಷ್ಟು ದಿನಾರ ನಾ ಸ್ವಸ್ಥ ಮಲಗ್ತೀನಿ."

ಮರುದಿನ ನಾನೇ ಬೈಕ್ ಮೇಲೆ ಮಾವನನ್ನು ಠಾಣೆಗೆ ಕರ್ಕೊಂಡು ಹೋದೆ. ರಸೀದಿ ಮಡಚಿ ಅಂಗಿ ಜೇಬಿನಲ್ಲಿ ಇಟ್ಟುಕೊಂಡ. ದಾರಿಯಲ್ಲಿ ಹಿಂದಿನಿಂದ ಕೇಳಿದ: "ಹಲಗಲಿಗೆ ಹೋಗಿ ಬರೋಣೇನು? ಇಷ್ಟ ಹತ್ರ ಇದ್ದು ನಾ ಒಮ್ಮೆನೂ ಹೋಗಿಲ್ಲ."

ಗಾಡಿ ಮುಧೋಳದ ಕಡೆ ತಿರುಗಿಸಿದೆ.