ಸೂತ್ರ, ವೃತ್ತಿ, ಪ್ರಯೋಗ: ಯಂತ್ರಕ್ಕೆ ಬರೆಯುವ ಪಾಠಸೂಚನೆಯ ಪೂರ್ವೇತಿಹಾಸ

ವಿಜಯವಾಡದ ಬೆಂಜ್ ಸರ್ಕಲ್‌ನಲ್ಲಿ ಚೆನ್ನೈ–ಕೋಲ್ಕತ್ತ ಹೆದ್ದಾರಿಯೂ ಮಚಲೀಪಟ್ಟಣ–ಪುಣೆ ಹೆದ್ದಾರಿಯೂ ಸಂಧಿಸುತ್ತವೆ. ಎರಡನೆಯದನ್ನು ಹಿಡಿದು ಪಶ್ಚಿಮಕ್ಕೆ ನಡೆದರೆ ಹೈದರಾಬಾದನ್ನು ದಾಟಿ ಬೀದರ ಜಿಲ್ಲೆಯ ಹುಮನಾಬಾದನ್ನು ಸೇರುತ್ತೇವೆ. ವೆಂಗಿಗೂ ಕನ್ನಡನಾಡಿಗೂ ನಡುವಣ ಈ ಸಂಚಾರ ಹೊಸತಲ್ಲ. ಪಂಪನ ಪೂರ್ವಜರು ವೆಂಗಿನಾಡಿನವರು. ಅವನ ತಮ್ಮ ಜಿನವಲ್ಲಭನು ಬರೆಯಿಸಿದ ಕುರಿಕ್ಯಾಲ ಶಾಸನವು ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲಿಯೂ ಇದೆ. 1053ರ ನಂದಂಪೂಡಿ ಶಾಸನವು ನಾರಾಯಣಭಟ್ಟನನ್ನು ಕರ್ಣಾಟ ಭಾಷೆಯಲ್ಲಿಯೂ ಕವಿಯೆಂದು ಹೊಗಳುತ್ತದೆ.

ಇಂದು ಅದೇ ನೆಲದ ತೆಲುಗು ವಿದ್ಯಾರ್ಥಿಯೊಬ್ಬನು ಕನ್ನಡ ಕಲಿಯಬಯಸಿದರೆ ಹತ್ತಿರದಲ್ಲಿ ಅಧ್ಯಾಪಕರು ದೊರೆಯದಿರಬಹುದು. ಕೈಯಲ್ಲಿ ಕೃತಕ ಬುದ್ಧಿಮತ್ತೆಯ ಯಂತ್ರವಂತೂ ಇರುತ್ತದೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಂದಿನಿಂದ, ಯಂತ್ರಕ್ಕೆ ಕೊಡುವ ಸೂಚನೆಯನ್ನು, ಅಂದರೆ ಪ್ರಾಂಪ್ಟನ್ನು, ಬರೆಯುವುದೇ ಒಂದು ವಿದ್ಯೆಯೆನಿಸಿದೆ. ಆದರೆ ಭಾಷೆ ಕಲಿಸಲು ಮಿತವಾದ ಮಾತಿನಲ್ಲಿ ನಿಖರವಾಗಿ ವಿಧಿಸುವ ಕಲೆ ನಮ್ಮ ವೈಯಾಕರಣರಿಗೆ ಹಳೆಯದೆಂಬುದು ನಮ್ಮ ಅಭಿಪ್ರಾಯ.

ಹದಿಮೂರನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಮೊದಲು ಕಂದಪದ್ಯದಲ್ಲಿ ಸೂತ್ರವನ್ನು ಹೇಳಿ, ಗದ್ಯದ ವೃತ್ತಿಯಿಂದ ಅದನ್ನು ಬಿಡಿಸಿ, ಪೂರ್ವಕವಿಗಳ ಪ್ರಯೋಗಗಳಿಂದ ಸ್ಥಾಪಿಸುತ್ತಾನೆ. 1604ರಲ್ಲಿ ಭಟ್ಟಾಕಳಂಕನು 592 ಸಂಸ್ಕೃತ ಸೂತ್ರಗಳಲ್ಲಿ 'ಶಬ್ದಾನುಶಾಸನ'ವನ್ನು ರಚಿಸಿದಾಗಲೂ ಅವಕ್ಕೆ ತಾನೇ ವ್ಯಾಖ್ಯಾನವನ್ನು ಬರೆದನು. ಬರಿಯ ಸೂತ್ರ ಸಾಲದೆಂಬುದನ್ನು ಇಬ್ಬರೂ ಬಲ್ಲರು. ಜಿಪಿಟಿ-3 ಕುರಿತು 2020ರಲ್ಲಿ ಪ್ರಕಟವಾದ ಪ್ರಬಂಧವೂ ಸೂಚನೆಯೊಳಗೆ ಕೆಲವು ಉದಾಹರಣೆಗಳಿದ್ದರೆ ಯಂತ್ರವು ಅನೇಕ ಕಾರ್ಯಗಳನ್ನು ಹೆಚ್ಚು ಸಮರ್ಪಕವಾಗಿ ಮಾಡುತ್ತದೆಂದು ತೋರಿಸಿತು.

'ನನಗೆ ಕನ್ನಡ ಕಲಿಸು' ಎಂಬುದು ವೃತ್ತಿಯೂ ಪ್ರಯೋಗವೂ ಇಲ್ಲದ ಸೂತ್ರ. ಅದಕ್ಕೆ ಬದಲಾಗಿ ಹೀಗೆ ಬರೆಯಬಹುದು: 'ನನ್ನ ಮಾತೃಭಾಷೆ ತೆಲುಗು, ಕನ್ನಡ ಲಿಪಿ ಬರುತ್ತದೆ. ತೆಲುಗಿನಲ್ಲಿ ಏಕವಚನದ ಸ್ತ್ರೀಲಿಂಗಕ್ಕೂ ನಪುಂಸಕಕ್ಕೂ ಕ್ರಿಯಾಪದ ಒಂದೇ. ಕನ್ನಡದಲ್ಲಿ "ಅವಳು ಬಂದಳು", "ಅದು ಬಂದಿತು" ಎಂದು ಬೇರೆ. ಈ ಮಾದರಿಯ ಹತ್ತು ವಾಕ್ಯಗಳನ್ನು ಕ್ರಿಯಾಪದ ಬಿಟ್ಟು ಒಂದೊಂದಾಗಿ ಕೊಡು. ನಾನು ಉತ್ತರಿಸುವವರೆಗೆ ಸರಿಯುತ್ತರ ಹೇಳಬೇಡ; ತಪ್ಪಿದರೆ ಕಾರಣವನ್ನು ತೆಲುಗಿನಲ್ಲಿ ವಿವರಿಸು.' ಇಲ್ಲಿ ಅಧಿಕಾರಿ ಯಾರು, ವಿಷಯವೇನು, ಕ್ರಮವೇನು ಎಂಬುದೆಲ್ಲ ನಿಶ್ಚಿತವಾಗಿದೆ.

ಅಪವಾದಗಳನ್ನು ಹೇಳುವುದೂ ಅಷ್ಟೇ ಅಗತ್ಯ. ತೆಲುಗಿನ ಪಾಲು, ಪುಲಿ, ಪಂದಿಗಳು ಹೊಸಗನ್ನಡದಲ್ಲಿ ಹಾಲು, ಹುಲಿ, ಹಂದಿಗಳಾಗಿವೆ. ಹಳಗನ್ನಡದ ಪಾಲ್, ಪುಲಿ, ಪಂದಿಗಳು ತೆಲುಗಿಗೇ ಸಮೀಪ. ಆದುದರಿಂದ ತೆಲುಗರಿಗೆ ಹಳಗನ್ನಡವು ಕಷ್ಟದ ಕಡೆಯ ಮೆಟ್ಟಿಲಲ್ಲ, ಒಳಬರುವ ಬಾಗಿಲೇ ಆಗಬಲ್ಲದು. ಆದರೆ ಹಂಚಿಕೆಯ ಅರ್ಥದ 'ಪಾಲು' ಹೊಸಗನ್ನಡದಲ್ಲಿಯೂ ಪಕಾರವನ್ನು ಉಳಿಸಿಕೊಂಡಿದೆ. ಸಂಸ್ಕೃತದ 'ಹಸ್ತ'ವು ಎಂದೂ 'ಪಸ್ತ'ವಾಗಿರಲಿಲ್ಲ. ಇವನ್ನು ಸೂಚನೆಯಲ್ಲಿ ಹೇಳದಿದ್ದರೆ ಯಂತ್ರವು ನಿಯಮವನ್ನು ಎಲ್ಲೆಡೆಗೂ ಹಬ್ಬಿಸಿ, ಇಲ್ಲದ ಹಳಗನ್ನಡ ರೂಪಗಳನ್ನು ನಂಬುವಂತೆ ಸೃಷ್ಟಿಸಬಹುದು.

ಆತಂಕವಿರುವುದೂ ಇಲ್ಲಿಯೇ. ಕೇಶಿರಾಜನ ಪ್ರಯೋಗಗಳ ಹಿಂದೆ ಕವಿಗಳಿದ್ದರು. ಯಂತ್ರ ಕೊಡುವ ಉದಾಹರಣೆಯ ಹಿಂದೆ ಯಾರೂ ಇಲ್ಲದಿರಬಹುದು. ರಾಜ್ಯದ ಹೊರಗೆ ಒಬ್ಬಂಟಿಯಾಗಿ ಕಲಿಯುವವನಿಗೆ ಅದನ್ನು ತಿದ್ದುವ ನೆರೆಹೊರೆಯೂ ಇರುವುದಿಲ್ಲ. ಆದಕಾರಣ ಅಭ್ಯಾಸವನ್ನು ಯಂತ್ರದಿಂದ ಪಡೆದರೂ ಪ್ರಾಮಾಣ್ಯವನ್ನು ಕಿಟ್ಟೆಲರ 1894ರ ನಿಘಂಟಿನಲ್ಲಿ, ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಎಂಟು ಸಂಪುಟಗಳಲ್ಲಿ, ಬರೋ ಮತ್ತು ಎಮೆನೋ ಅವರ ದ್ರಾವಿಡ ನಿಷ್ಪತ್ತಿಕೋಶದಲ್ಲಿ ಅರಸಬೇಕು. ಹೊರನಾಡಿನ ಕನ್ನಡ ಪೀಠಗಳು ಇಂಥ ಸೂಚನೆಗಳನ್ನು ಆಯಾ ಮಾತೃಭಾಷೆಗೆ ತಕ್ಕಂತೆ ರಚಿಸಿ, ಪರೀಕ್ಷಿಸಿ, ಅಪವಾದಗಳೊಡನೆ ಪ್ರಕಟಿಸಬೇಕೆಂದು ನಾವು ಸೂಚಿಸುತ್ತೇವೆ. ಸೂತ್ರಕ್ಕೆ ವೃತ್ತಿ ಬರೆಯುವ ಹೊಣೆ ಈಗಲೂ ನಮ್ಮದೇ.