ಅರಿವೆಯ ಆಯುಷ್ಯ

ಪೇಟೆಯಲ್ಲಿ ಈಗ ಹೊಸ ಮಾತೊಂದು ಚಲಾವಣೆಗೆ ಬಂದಿದೆ: ಪರಿಸರಸ್ನೇಹಿ ಉಡುಪು. ನೋಡಲು ಚೆಂದವಿರಬೇಕು, ಉಟ್ಟವರಿಗೆ ಒಪ್ಪಬೇಕು, ಭೂಮಿಗೂ ಭಾರವಾಗಬಾರದು ಎಂಬುದು ಅದರ ಸಾರ. ಹಸಿರು ಎಲೆಯ ಚಿತ್ರವಿರುವ ಚೀಟಿ ಹೊತ್ತ ಅಂಗಿ, ಕುರ್ತಾಗಳು ದೊಡ್ಡ ಅಂಗಡಿಗಳಲ್ಲಿ ತೂಗಾಡುತ್ತಿವೆ. ಆದರೆ ಚೀಟಿ ಓದಿ ಅರಿವೆಯ ಗುಣ ತಿಳಿಯುವುದು ಹೇಗೆ? ಯಾವ ಬಟ್ಟೆ ನಿಜವಾಗಿ ಭೂಮಿಗೆ ಹಗುರ, ಯಾವುದು ಹೆಸರಿಗೆ ಮಾತ್ರ?

ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಹುಬ್ಬಳ್ಳಿ-ಧಾರವಾಡ ಹೆದ್ದಾರಿಯ ಸತ್ತೂರನ್ನು ನಡುವೆ ಇಟ್ಟುಕೊಂಡು ಒಂದು ನಕ್ಷೆ ಬರೆಯೋಣ. ಇಂದು ಆಸ್ಪತ್ರೆ, ವೈದ್ಯಕೀಯ ಕಾಲೇಜುಗಳಿಂದ ಹೆಸರಾದ ಈ ಊರಿನ ಒಂದು ಬದಿಗೆ, ಧಾರವಾಡದ ಆಚೆ, ಗರಗ ಎಂಬ ಹಳ್ಳಿ ಇದೆ. ಇನ್ನೊಂದು ಬದಿಗೆ ಹುಬ್ಬಳ್ಳಿಯ ಬೆಂಗೇರಿ. ಗರಗದಲ್ಲಿ ರಾಷ್ಟ್ರಧ್ವಜದ ಬಟ್ಟೆಯನ್ನು ಕೈಮಗ್ಗದಲ್ಲಿ ನೇಯ್ದರು, ಬೆಂಗೇರಿಯಲ್ಲಿ ಬಾವುಟವನ್ನೇ ಹೊಲಿದರು. ಸುತ್ತಲಿನದು ಹತ್ತಿ ಬೆಳೆಯುವ ಕರಿಮಣ್ಣು. ಹತ್ತಿಯ ಕಾಯಿಯಿಂದ ಹಾರುವ ಬಾವುಟದವರೆಗೆ ಅರಿವೆಯ ಇಡೀ ಬದುಕು ಒಂದೇ ಸೀಮೆಯಲ್ಲಿ ಕಾಣಸಿಗುವ ಜಾಗಗಳು ದೇಶದಲ್ಲಿ ಹೆಚ್ಚಿಲ್ಲ.

ಕರಿಮಣ್ಣಿನ ಹತ್ತಿ

ಈ ಸೀಮೆಯ ಮೂಲ ಹತ್ತಿ ಗಿಡ್ಡ ಎಳೆಯದು. ಮುಂಗಾರಿನಲ್ಲಿ ಕರಿಮಣ್ಣು ಹೀರಿಟ್ಟ ತೇವವನ್ನೇ ನೆಚ್ಚಿ, ನೀರಾವರಿ ಇಲ್ಲದೆ ಬೆಳೆಯುತ್ತಿತ್ತು. ಎತ್ತಿನ ಬಂಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಮುಂಬಯಿಗೆ ಹೋಗುತ್ತಿದ್ದುದರಿಂದ ವ್ಯಾಪಾರಿಗಳು ಅದನ್ನು ‘ಕುಮಟಾ ಹತ್ತಿ’ ಎಂದೇ ಕರೆದರು.

ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಗಳಿಗೆ ಬೇಕಾದದ್ದು ಉದ್ದ ಎಳೆ. ಅದಕ್ಕಾಗಿ 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಬೀಜವನ್ನು, ಜೊತೆಗೆ ಅಮೆರಿಕದ ಬೆಳೆಗಾರರನ್ನು ತರಿಸಿ ನಮ್ಮ ಹೊಲಗಳಲ್ಲಿ ಪ್ರಯೋಗಕ್ಕಿಳಿಯಿತು. ಹಿಂದೂಸ್ಥಾನದ ಬೇರೆ ಕಡೆ ಬಹುಮಟ್ಟಿಗೆ ಸೋತ ಆ ಪ್ರಯೋಗ ಧಾರವಾಡದಲ್ಲಿ ಮಾತ್ರ ಬೇರೂರಿತು. ‘ಧಾರವಾಡ-ಅಮೆರಿಕನ್’ ಎಂಬ ಹೊಸ ಹೆಸರೇ ಮಾರುಕಟ್ಟೆಯಲ್ಲಿ ಹುಟ್ಟಿಕೊಂಡಿತು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ನಿಂತುಹೋದಾಗ ನಮ್ಮ ಹತ್ತಿಯ ಬೆಲೆ ಗಗನಕ್ಕೇರಿತು. ಯುದ್ಧ ಮುಗಿದೊಡನೆ ಇಳಿಯಿತು.

ಈ ಏರಿಳಿತದಲ್ಲಿ ಒಂದು ಸಂಬಂಧ ಕಡಿದುಹೋಯಿತು. ಹತ್ತಿ ಬೆಳೆದವನಿಗೆ ಅದನ್ನು ಯಾರು ಉಡುತ್ತಾರೆಂದು ಗೊತ್ತಿಲ್ಲ. ಉಟ್ಟವನಿಗೆ ಅದು ಯಾವ ಹೊಲದ್ದೆಂದು ಗೊತ್ತಿಲ್ಲ. ನಮ್ಮ ಅರಳೆ ಸಮುದ್ರ ದಾಟಿ, ಗಿರಣಿಯ ಬಟ್ಟೆಯಾಗಿ ಮರಳಿ ನಮ್ಮ ಸಂತೆಗೇ ಬಂತು. ಇಂದು ನಾವು ಪರಿಸರದ ಸಮಸ್ಯೆ ಎಂದು ಕರೆಯುವುದರ ಒಂದು ಬೇರು ಇಲ್ಲಿದೆ. ಕಾಣದ ಕಡೆ ಆಗುವ ಹಾನಿಯ ಬೆಲೆಯನ್ನು ಕೊಳ್ಳುವವನು ತೆರಬೇಕಾಗುವುದಿಲ್ಲ.

ಬೆಳಗಾವಿಯ ನೂಲು

ಕಡಿದ ಈ ಎಳೆಯನ್ನು ಮತ್ತೆ ಹೊಸೆಯುವ ಪ್ರಯತ್ನವೇ ಖಾದಿ. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನವದು. ಕಾಂಗ್ರೆಸ್ಸಿನ ಸದಸ್ಯನಾಗಬೇಕಾದರೆ ನಾಲ್ಕಾಣೆಯ ಬದಲು ತಿಂಗಳಿಗೆ 2,000 ಗಜ ನೂಲು ಕೊಡಬೇಕೆಂಬ ವಿಚಿತ್ರ ನಿಯಮವನ್ನು ಅಲ್ಲಿ ಒಪ್ಪಲಾಯಿತು. ತಾನೇ ನೂತದ್ದಾದರೂ ಸರಿ, ಬೇರೆಯವರಿಂದ ನೂಲಿಸಿದ್ದಾದರೂ ಸರಿ. ನಿಯಮ ಬಹಳ ದಿನ ಉಳಿಯಲಿಲ್ಲ, ಮರುವರ್ಷವೇ ಸಡಿಲಗೊಂಡಿತು. ಆದರೆ ಉಡುವವನು ನೂಲುವ ಶ್ರಮವನ್ನು ತನ್ನ ಕೈಯಿಂದಲೇ ಅರಿಯಬೇಕೆಂಬ ಅದರ ಹಿಂದಿನ ವಿಚಾರ ಈ ನಾಡಿನಲ್ಲಿ ನೆಲೆ ನಿಂತಿತು.

ಗಾಂಧೀಜಿ ಹೇಳಿದ್ದು ಹೊಟ್ಟೆಪಾಡಿನ ಮಾತು, ಸ್ವರಾಜ್ಯದ ಮಾತು. ಪರಿಸರವೆಂಬ ಪದ ಆಗ ಇಂದಿನ ಅರ್ಥದಲ್ಲಿ ಬಳಕೆಗೆ ಬಂದಿರಲಿಲ್ಲ. ಆದರೂ ಕಲ್ಲಿದ್ದಲು ಬೇಡದ, ಹೊಗೆಕೊಳವೆ ಇಲ್ಲದ, ಹಳ್ಳಿಯ ಅರಳೆ ಹಳ್ಳಿಯಲ್ಲೇ ಅರಿವೆಯಾಗುವ ಈ ವ್ಯವಸ್ಥೆಯಲ್ಲಿ ಇಂದಿನವರು ಬಯಸುವ ಬಹುಪಾಲು ಗುಣಗಳಿದ್ದವು.

ಇಲ್ಲದ್ದು ಅಂದ. ಆಗಿನ ಖಾದಿ ಒರಟು, ಭಾರ, ಬಹುಮಟ್ಟಿಗೆ ಬಿಳಿ. ದೇಶಭಕ್ತಿಯಿಂದ ಉಟ್ಟವರು ಎಷ್ಟು ದಿನ ಉಟ್ಟಾರು? ಬೆಳಗಾವಿ ಅಧಿವೇಶನಕ್ಕಾಗಿ ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರರ ಹಿಂದೂಸ್ಥಾನಿ ಸೇವಾದಳದಲ್ಲಿ ಮಹಿಳಾ ಸ್ವಯಂಸೇವಕಿಯರನ್ನು ಸಂಘಟಿಸಿದವರು ಉಮಾಬಾಯಿ ಕುಂದಾಪುರ. ಅದೇ ಸೇವಾದಳದಲ್ಲಿ ದುಡಿದ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಮುಂದೆ, 1952ರಲ್ಲಿ, ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷೆಯಾದರು. ಕೈಯಿಂದ ಮಾಡಿದ ವಸ್ತು ಮರುಕಕ್ಕೆ ಮಾರಾಟವಾಗಬಾರದು, ಚೆಲುವಿನಿಂದಾಗಿ ನಿತ್ಯದ ಬಳಕೆಗೆ ಬರಬೇಕು ಎಂಬ ದಾರಿಯಲ್ಲೇ ಅವರ ಮುಂದಿನ ಕೆಲಸವೆಲ್ಲ ಸಾಗಿತು.

ಸೀರೆಯಿಂದ ಕೌದಿಗೆ

ಚೆಲುವು ಮತ್ತು ಬಾಳಿಕೆ ಒಟ್ಟಿಗೆ ಇರಬಲ್ಲವೆಂಬುದಕ್ಕೆ ನಮ್ಮ ಮನೆಗಳಲ್ಲೇ ಸಾಕ್ಷಿಯಿತ್ತು. ಇಳಕಲ್ಲ ಸೀರೆಯನ್ನೇ ನೋಡಿ. ಅದರ ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಆ ಸೀರೆಯ ಮೇಲೆ, ಕುಬಸದ ಮೇಲೆ, ಹೆಣ್ಣುಮಕ್ಕಳು ಕಸೂತಿ ಹಾಕಿದರು. ಗವಂತಿ, ಮುರ್ಗಿ, ನೇಗಿ, ಮೆಂತ್ಯೆ ಎಂಬ ನಾಲ್ಕು ಹೊಲಿಗೆಗಳಲ್ಲಿ ತೇರು, ಗೋಪುರ, ತುಳಸಿಕಟ್ಟೆ, ಆನೆ ಮೂಡಿದವು. ಮೊದಲು ಚಿತ್ರ ಬರೆದುಕೊಳ್ಳುವಂತಿಲ್ಲ, ಬಟ್ಟೆಯ ಎಳೆ ಎಣಿಸಿಯೇ ಹೊಲಿಯಬೇಕು. ಗಂಟು ಹಾಕುವಂತಿಲ್ಲ. ಗವಂತಿ, ಮುರ್ಗಿಗಳಲ್ಲಿ ಒಳಗೂ ಹೊರಗೂ ಒಂದೇ ಚಿತ್ರ ಕಾಣಬೇಕು. ಇಷ್ಟು ದುಡಿದ ಸೀರೆಯನ್ನು ಎರಡು ಹಬ್ಬಕ್ಕೆ ಉಟ್ಟು ಎಸೆಯುವ ಮನಸ್ಸು ಯಾರಿಗೆ ಬಂದೀತು?

ಸೀರೆ ಹಳತಾದರೂ ಅದರ ಬದುಕು ಮುಗಿಯುತ್ತಿರಲಿಲ್ಲ. ಮೆತ್ತಗಾದ ಭಾಗ ಕೂಸಿನ ತೊಟ್ಟಿಲಿಗೆ, ಗಟ್ಟಿ ಉಳಿದದ್ದು ಲಂಗ-ಕುಬಸಕ್ಕೆ. ಮಿಕ್ಕ ತುಂಡುಗಳು ಪದರ ಪದರವಾಗಿ ಕೂಡಿ, ಓಡುಹೊಲಿಗೆಯಲ್ಲಿ ಕೌದಿಯಾಗುತ್ತಿದ್ದವು. ಕೌದಿ ಹರಿದರೆ ಅದರ ಮೇಲೆ ಇನ್ನೊಂದು ಪದರ. ಕೊನೆಗೆ ಒರೆಸುವ ಅರಿವೆ, ದೀಪದ ಬತ್ತಿ, ಮಣ್ಣು. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಮಹಿಳೆಯರು ಹೊಲಿಯುವ ಕೌದಿಗಳು ಇತ್ತೀಚಿನ ವರ್ಷಗಳಲ್ಲಿ ಅಮೆರಿಕದಲ್ಲಿ ಕಲಾಕೃತಿಗಳಾಗಿ ಪ್ರದರ್ಶನಗೊಂಡಿವೆ.

ಇದನ್ನೆಲ್ಲ ಹಿಂದಿನವರ ಪರಿಸರಪ್ರಜ್ಞೆ ಎಂದು ಹೊಗಳಿ ಸುಮ್ಮನಾಗುವುದು ಸುಲಭ. ಆದರೆ ಅದು ಅರ್ಧಸತ್ಯ. ಕೌದಿಯ ಹಿಂದೆ ಬಡತನವಿತ್ತು. ಬಟ್ಟೆ ತುಟ್ಟಿ, ಹೆಣ್ಣುಮಕ್ಕಳ ದುಡಿಮೆ ಸೋವಿ. ನೀರಿಗೆ ಮೈಲಿ ನಡೆಯಬೇಕಾದ ಊರುಗಳಲ್ಲಿ ಬೇಗ ಒಣಗುವ, ಇಸ್ತ್ರಿ ಬೇಡದ, ಬಣ್ಣ ಬಿಡದ ಪಾಲಿಸ್ಟರ್ ಸೀರೆ ಬಂದಾಗ ಕೂಲಿಯ ಹೆಣ್ಣುಮಗಳಿಗೆ ಅದು ವರವಾಗಿಯೇ ಕಂಡಿತು. ಆಕೆಯ ಆಯ್ಕೆಯನ್ನು ತಪ್ಪೆನ್ನುವ ಹಕ್ಕು ನಮಗಿಲ್ಲ. ಹಳೆಯ ಪದ್ಧತಿಯಿಂದ ನಾವು ಕಲಿಯಬೇಕಾದದ್ದು ಬಡತನವನ್ನಲ್ಲ, ಲೆಕ್ಕವನ್ನು. ಒಂದು ಅರಿವೆ ಎಷ್ಟು ವರ್ಷ ದುಡಿಯಿತು, ಕೊನೆಗೆ ಏನಾಯಿತು ಎಂಬ ಲೆಕ್ಕ.

ಬೆಂಗೇರಿಯ ಬಾವುಟ

1957ರ ನವೆಂಬರ್ 1ರಂದು, ಏಕೀಕರಣದ ಮೊದಲ ವರ್ಷ ತುಂಬಿದ ದಿನ, ಹುಬ್ಬಳ್ಳಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಸ್ಥಾಪನೆಯಾಯಿತು. ರಾಜ್ಯದ ಚದುರಿದ ಖಾದಿ ಸಂಸ್ಥೆಗಳಿಗೆ ಅದು ಆಸರೆಯಾಯಿತು. ಈ ಶತಮಾನದ ಮೊದಲ ದಶಕದಲ್ಲಿ ಅದರ ಬೆಂಗೇರಿ ಘಟಕ ಭಾರತೀಯ ಮಾನಕ ಸಂಸ್ಥೆಯ ಪ್ರಮಾಣಪತ್ರ ಪಡೆದು ಬಾವುಟಗಳನ್ನು ತಯಾರಿಸತೊಡಗಿತು. ಬಹುಕಾಲ ದೇಶದಲ್ಲಿ ಇಂಥ ಮಾನ್ಯತೆಯಿದ್ದ ಘಟಕ ಅದೊಂದೇ. ಅಂಗೈಯಗಲದ ಮೇಜಿನ ಬಾವುಟದಿಂದ 21 ಅಡಿ ಉದ್ದ, 14 ಅಡಿ ಅಗಲದ ಬಾವುಟದವರೆಗೆ ಒಂಬತ್ತು ಅಳತೆಗಳು. ನೂಲಿನ ಗಟ್ಟಿತನ, ಬಣ್ಣದ ಬಾಳಿಕೆ, ಚಕ್ರದ 24 ಅರೆಗಳು, ಹೊಲಿಗೆ, ಎಲ್ಲಕ್ಕೂ ಪರೀಕ್ಷೆ. ನೂಲುವವರಲ್ಲಿ, ಹೊಲಿಯುವವರಲ್ಲಿ ಬಹುಪಾಲು ಮಹಿಳೆಯರು.

2002ರ ಧ್ವಜ ಸಂಹಿತೆ ಬಾವುಟವು ಕೈಯಿಂದ ನೂತು ಕೈಯಿಂದ ನೇಯ್ದ ಖಾದಿಯದೇ ಆಗಿರಬೇಕೆಂದು ವಿಧಿಸಿತ್ತು. 2021ರ ಡಿಸೆಂಬರ್ 30ರಂದು ಕೇಂದ್ರ ಸರಕಾರ ಅದನ್ನು ತಿದ್ದಿ ಯಂತ್ರದಲ್ಲಿ ತಯಾರಾದ ಬಾವುಟಕ್ಕೂ ಪಾಲಿಸ್ಟರಿಗೂ ಅವಕಾಶ ಕೊಟ್ಟಿತು. 2022ರ ಆಗಸ್ಟಿನಲ್ಲಿ ಮನೆಮನೆಯಲ್ಲಿ ಬಾವುಟ ಹಾರಿಸುವ ಅಭಿಯಾನ ನಡೆಯಿತು. ಕೋಟಿಗಟ್ಟಲೆ ಬಾವುಟಗಳನ್ನು ಅಷ್ಟು ಕಡಿಮೆ ಅವಧಿಯಲ್ಲಿ ಚರಕ, ಕೈಮಗ್ಗಗಳು ಕೊಡಲಾರವು ಎಂಬುದು ನಿಜ. ಬಡವನೂ ಕೊಳ್ಳಬಲ್ಲ ಬೆಲೆಯಲ್ಲಿ ಬಾವುಟ ಸಿಗಲಿ ಎಂಬ ವಾದದಲ್ಲೂ ಹುರುಳಿದೆ. ಆದರೆ ಅಭಿಯಾನದ ಮೂರು ದಿನ ಕಳೆದರೂ ತಿದ್ದುಪಡಿ ಉಳಿಯಿತು. ಬೆಂಗೇರಿಯ ಸಂಘ ಅದನ್ನು ಬಹಿರಂಗವಾಗಿ ವಿರೋಧಿಸಿತು. ವರ್ಷವಿಡೀ ನೂಲುವವರ ಕೂಲಿ ನಿಂತಿರುವುದು ಸ್ವಾತಂತ್ರ್ಯೋತ್ಸವ, ಗಣರಾಜ್ಯೋತ್ಸವಗಳ ಬೇಡಿಕೆಯ ಮೇಲೆ.

ಇಲ್ಲಿ ಇನ್ನೊಂದು ಸಂಗತಿ ಗಮನಿಸಬೇಕು. 2022ರ ಜುಲೈ 1ರಿಂದ ದೇಶದಲ್ಲಿ ಒಮ್ಮೆ ಬಳಸಿ ಎಸೆಯುವ ಕೆಲವು ಪ್ಲಾಸ್ಟಿಕ್ ವಸ್ತುಗಳು ನಿಷೇಧಗೊಂಡವು. ಪಟ್ಟಿಯಲ್ಲಿ ಪ್ಲಾಸ್ಟಿಕ್ ಬಾವುಟವೂ ಇತ್ತು. ಆದರೆ ಪಾಲಿಸ್ಟರ್ ಎಂದರೇನು? ಕುಡಿಯುವ ನೀರಿನ ಬಾಟಲಿ ಯಾವ ವಸ್ತುವಿನದೋ ಅದೇ ವಸ್ತುವಿನ ಎಳೆ, ಮೂಲ ಪೆಟ್ರೋಲಿಯಂ. ಒಗೆದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಅದರಿಂದ ಉದುರಿ ಚರಂಡಿಯ ಮೂಲಕ ಕೆರೆ, ನದಿ, ಸಮುದ್ರ ಸೇರುತ್ತವೆ. ಅವು ಕೊಳೆಯುವುದಿಲ್ಲ. ಹೀಗೆ ಒಂದೇ ವರ್ಷದ ಅಂತರದಲ್ಲಿ ಒಂದು ನಿಯಮ ಹೊರಗೆ ಹಾಕಿದ್ದನ್ನು ಇನ್ನೊಂದು ನಿಯಮ ಒಳಗೆ ಕರೆದುಕೊಂಡಿತು. ಪಾಲಿಸ್ಟರ್ ಎಳೆಯನ್ನು 1941ರಲ್ಲಿ ಕಂಡುಹಿಡಿದ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಇದ್ದದ್ದು ಮ್ಯಾಂಚೆಸ್ಟರಿನ ಬಟ್ಟೆ ಅಚ್ಚಿನ ಕಂಪನಿಯೊಂದರಲ್ಲಿ. ನಮ್ಮ ಹತ್ತಿಗಾಗಿ ಹಂಬಲಿಸಿದ್ದ ಅದೇ ಲ್ಯಾಂಕಾಶೈರ್ ಸೀಮೆಯಿಂದಲೇ ಹತ್ತಿಯ ಪ್ರತಿಸ್ಪರ್ಧಿಯೂ ಬಂತು.

ಹತ್ತಿಯೂ ನಿರ್ದೋಷಿಯಲ್ಲ

ಹಾಗಾದರೆ ಹತ್ತಿ ಎಂದಿದ್ದರೆ ಕಣ್ಣು ಮುಚ್ಚಿ ಕೊಳ್ಳಬಹುದೇ? ಅದೂ ಸರಿಯಲ್ಲ. ಒಂದು ಹತ್ತಿ ಅಂಗಿಯ ಹಿಂದೆ ಜಾಗತಿಕ ಸರಾಸರಿಯಲ್ಲಿ ಸುಮಾರು 2,700 ಲೀಟರ್ ನೀರಿದೆ ಎಂಬ ಅಂದಾಜುಂಟು. ಆ ನೀರು ಕಾಲುವೆಯದೋ, ಕೊಳವೆಬಾವಿಯದೋ, ಮಳೆಯದೋ ಎಂಬುದರ ಮೇಲೆ ಅದರ ಭಾರ ಬದಲಾಗುತ್ತದೆ. ಹಳೆಯ ದೇಶೀ ಕುಲದ ಜಯಧರ ಹತ್ತಿ ಧಾರವಾಡ, ಗದಗ ಸೀಮೆಯಲ್ಲಿ ಮಳೆಯನ್ನೇ ನಂಬಿ, ಹೆಚ್ಚು ಔಷಧಿ ಬೇಡದೆ ಬೆಳೆಯುತ್ತದೆ. ಆದರೆ ಇಳುವರಿ ಕಡಿಮೆ, ಎಳೆ ಗಿಡ್ಡ, ಧಾರಣೆಯೂ ಕಡಿಮೆ. ಸಂಕರ ತಳಿಗಳು ಬಂದ ಮೇಲೆ, 2002ರಲ್ಲಿ ಬಿ.ಟಿ. ಹತ್ತಿಗೆ ಅನುಮತಿ ಸಿಕ್ಕ ಮೇಲೆ, ಅದರ ಜಾಗ ಕುಗ್ಗಿತು. ಬಣ್ಣದ ಮಾತೂ ಹಾಗೆಯೇ. ಖಾದಿಗೂ ರಾಸಾಯನಿಕ ಬಣ್ಣ ಹಾಕುತ್ತಾರೆ. ಬಿಸಿಲು ಮಳೆಗೆ ಮಾಸದಿರಬೇಕಾದ ಬಾವುಟಕ್ಕೆ ಅದು ಬೇಕೇ ಬೇಕು.

ಇವೆಲ್ಲವನ್ನೂ ತೂಗಿ ಬೇರೆ ದಾರಿ ಹಿಡಿದವರೂ ಇದ್ದಾರೆ. ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ ರಂಗಕರ್ಮಿ ಪ್ರಸನ್ನರ ಮುಂದಾಳತ್ವದಲ್ಲಿ 1990ರ ದಶಕದಲ್ಲಿ ರೂಪುಗೊಂಡ ಮಹಿಳೆಯರ ‘ಚರಕ’ ಸಹಕಾರ ಸಂಘ, ಅಡಿಕೆ ಬೇಯಿಸಿದ ಚೊಗರಿನಂಥ ನೈಸರ್ಗಿಕ ಬಣ್ಣಗಳಲ್ಲಿ ಕೈಮಗ್ಗದ ಬಟ್ಟೆ ಅದ್ದಿ, ಪಟ್ಟಣದ ಯುವಜನ ಇಷ್ಟಪಟ್ಟು ತೊಡುವ ಕುರ್ತಾಗಳನ್ನು ಮಾಡಿತು. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಾಗ ಕೈಉತ್ಪನ್ನಗಳಿಗೆ ತೆರಿಗೆ ಬೇಡವೆಂದು ಪ್ರಸನ್ನ ಉಪವಾಸ ಕುಳಿತರು. ಆ ಸತ್ಯಾಗ್ರಹ ಎತ್ತಿದ ಪ್ರಶ್ನೆ ಇಂದಿಗೂ ಉಳಿದಿದೆ: ಭೂಮಿಗೆ ಹಗುರಾದ ವಸ್ತು ಜೇಬಿಗೆ ಭಾರ, ಭೂಮಿಗೆ ಭಾರವಾದದ್ದು ಜೇಬಿಗೆ ಹಗುರ ಎಂಬಂಥ ಬೆಲೆಪಟ್ಟಿ ಇರುವಾಗ ಕೊಳ್ಳುವವನೊಬ್ಬನನ್ನೇ ದೂರಿ ಏನು ಫಲ?

ಆದರೂ ಕೊಳ್ಳುವವನ ಕೈಯಲ್ಲಿ ಕೆಲವು ಸಂಗತಿಗಳಿವೆ. ಅರಿವೆ ಆರಿಸುವಾಗ ಮೂರು ಮಾತು ಕೇಳಬಹುದು. ಇದರ ಎಳೆ ಎಲ್ಲಿಯದು? ಇದರ ಕೂಲಿ ಯಾರಿಗೆ ಹೋಯಿತು? ಇದನ್ನು ಎಷ್ಟು ವರ್ಷ ತೊಟ್ಟೇನು? ಮೊದಲಿನ ಎರಡಕ್ಕೆ ಅಂಗಡಿಯವನಲ್ಲಿ ಉತ್ತರ ಸಿಗದೇ ಹೋಗಬಹುದು. ಮೂರನೆಯದರ ಉತ್ತರ ನಮ್ಮಲ್ಲೇ ಇದೆ. ಹತ್ತು ವರ್ಷ ತೊಟ್ಟ ಗಿರಣಿ ಅಂಗಿಯು ಎರಡು ಸಲ ತೊಟ್ಟು ಕಪಾಟಿನ ಮೂಲೆ ಸೇರಿದ ಖಾದಿ ಅಂಗಿಗಿಂತ ಭೂಮಿಗೆ ಹಗುರವೇ.

ಧ್ವಜ ಸಂಹಿತೆಯಲ್ಲಿ ಹೆಚ್ಚಿನವರ ಕಣ್ಣಿಗೆ ಬೀಳದ ಒಂದು ಸೂಚನೆಯಿದೆ. ಹರಿದ, ಮಾಸಿದ ಬಾವುಟವನ್ನು ಎಲ್ಲೆಂದರಲ್ಲಿ ಎಸೆಯಬಾರದು. ಏಕಾಂತದಲ್ಲಿ, ಗೌರವಕ್ಕೆ ಕುಂದಿಲ್ಲದಂತೆ, ಸಾಧ್ಯವಾದರೆ ಸುಟ್ಟು ಮುಗಿಸಬೇಕು. ಖಾದಿ ಬಾವುಟ ಸುಟ್ಟರೆ ಬೂದಿಯಾಗುತ್ತದೆ, ಮಣ್ಣಿಗೆ ಸೇರುತ್ತದೆ. ಪಾಲಿಸ್ಟರ್ ಬಾವುಟ ಕರಗಿ, ಕಪ್ಪು ಹೊಗೆ ಬಿಟ್ಟು, ಗಟ್ಟಿ ಉಂಡೆಯಾಗಿ ಉಳಿಯುತ್ತದೆ.